ನನ್ನ ಹೆಸರಿಗೆ ತೆರೆದ ಪೋರ್ಟು

ಮೂಡುಬಿದಿರೆಯ ನಮ್ಮ ಕಾಲೇಜಿನ ಲ್ಯಾಬ್ ಸರ್ ಎಲ್ಲರನ್ನೂ ಅನುಮಾನಿಸುತ್ತಿದ್ದರು ಎಂದು ಸಹಪಾಠಿಗಳು ಈಗಲೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅನುಮಾನಿಸುವ ಕೆಲಸವನ್ನು ಅವರು ಲ್ಯಾಬಿನ ಕಂಪ್ಯೂಟರುಗಳನ್ನು ಜಾಲಕ್ಕೆ ಸೇರಿಸುವ ಸ್ವಿಚ್ಚಿಗೆ ವಹಿಸಿದ್ದರು. ವಯರು ಸಿಕ್ಕಿಸುವ ಅದರ ಪೋರ್ಟಿಗೆ ಕಂಪ್ಯೂಟರ್ ಜೋಡಿಸಿದವರು ಹೆಸರು, ಪಾಸ್‌ವರ್ಡ್ ಕೊಡಬೇಕು. ಸ್ವಿಚ್ಚು ಅದನ್ನು ಹೆಸರುಗಳ ಪಟ್ಟಿ ಇರುವ ಸರ್ವರಿಗೆ ದಾಟಿಸುತ್ತದೆ. ಸರ್ವರ್ ಒಪ್ಪುವವರೆಗೆ ಆ ಪೋರ್ಟು ಬೇರೇನನ್ನೂ ಬಿಡುವುದಿಲ್ಲ.

"ಸ್ವಂತ ಬುದ್ಧಿಯೇ ಇಲ್ಲವಾ ಸರ್ ಅದಕ್ಕೆ?" ಎಂದು ನಾನು ವಾದಕ್ಕಿಳಿದರೆ, ಕನ್ನಡಕವನ್ನು ಅಂಗಿಯ ಅಂಚಿನಲ್ಲಿ ಒರೆಸುತ್ತ, "ಕೇಳಿ ಹೇಳ್ತದೆ ಮಾರಾಯ್ತಿ. ನಾನೂ ಹಾಗೆಯೇ" ಎನ್ನುತ್ತಿದ್ದರು. ಏನು ಕೇಳಿದರೂ ಅವರ ಉತ್ತರ ಒಂದೇ: "ಕೇಳಿ ಹೇಳ್ತೇನೆ."

ಒಂದು ಮಧ್ಯಾಹ್ನ ಯಾರೋ ಪ್ರಶ್ನೆಪತ್ರಿಕೆಯ ಫೋಲ್ಡರ್ ತೆರೆದರು. ಯಾರು ಯಾವಾಗ ಒಳಬಂದರೆಂದು ದಾಖಲಿಸುವ ಲಾಗ್‌ನಲ್ಲಿ ಸಿಕ್ಕಿದ್ದು ನನ್ನ ಹೆಸರು. ಆಗ ನಾನು ಊಟಕ್ಕೆ ಹೋಗಿದ್ದೆ, ಕಂಪ್ಯೂಟರ್ ಚಾಲೂ ಇತ್ತು. "ನಾಳೆಯಿಂದ ಕಾಲೇಜಿಗೆ ಬರುವುದು ಬೇಡ" ಎಂದರು ಲ್ಯಾಬಿಗೆ ಬಂದ ಪ್ರಾಂಶುಪಾಲರು.

ಲ್ಯಾಬ್ ಸರ್ ನನ್ನ ಮೇಜಿನಡಿ ಬಗ್ಗಿದರು. ಒಂದೇ ಪೋರ್ಟನ್ನು ಗೆಳತಿ ಪ್ರತಿಮಾಳ ಜೊತೆ ಹಂಚಿಕೊಳ್ಳಲು ನಾನು ಗುಟ್ಟಾಗಿ ಇಟ್ಟಿದ್ದ ಹಬ್ ಅಲ್ಲಿತ್ತು. ಅದರಿಂದ ಎರಡು ಕಂಪ್ಯೂಟರಿಗೆ ವಯರು ಹೋಗಿತ್ತು. ಲ್ಯಾಬ್ ಸರ್ ಎದ್ದು ಪ್ರಾಂಶುಪಾಲರಿಗೆ ಹೇಳಿದರು:

"ಪೋರ್ಟು ತೆರೆದದ್ದು ಇವಳ ಹೆಸರಿಗೆ ಸರ್. ತೆರೆದ ಮೇಲೆ ಹಿಂದಿನಿಂದ ಯಾರು ನುಗ್ಗಿದರೂ ಸ್ವಿಚ್ಚಿಗೆ ಲೆಕ್ಕ ಇಲ್ಲ. ಪೋರ್ಟಿಗೆ ಒಬ್ಬರೇ ಅಂತ ನಾನು ಸೆಟ್ ಮಾಡಬೇಕಿತ್ತು, ಮಾಡ್ಲಿಲ್ಲ. ನನ್ನ ತಪ್ಪೂ ಉಂಟು."

ಅಂದು ಅವರು ಯಾರನ್ನೂ ಕೇಳದೆ ಹೇಳಿದರು. ನಾನು ಉಳಿದೆ, ಅವರಿಗೆ ಮೆಮೊ ಬಂತು. ಎರಡನೇ ವಯರು ಯಾರದೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಸಂಜೆ ಬಂಟ್ವಾಳದ ಬಸ್ಸಿನಲ್ಲಿ ಪ್ರತಿಮಾ ನನ್ನ ಪಕ್ಕದಲ್ಲೇ ಕೂತಿದ್ದಳು. ಕೇಳಿದೆ: "ನಾನು ಊಟಕ್ಕೆ ಹೋದ ಮೇಲೆ ನೀನು ಲ್ಯಾಬಿನಲ್ಲಿ ಎಂತ ಮಾಡ್ತಾ ಇದ್ದದ್ದು?"