ಉಪ್ಪು ಸವರಿದ ಬಾರೆಹಣ್ಣು

ಮೊಮ್ಮಗಳು ಬೀದರ್ ಕಾಲೇಜಿನ ಪರೀಕ್ಷೆಗೆಂದು ಎಕಂಬಾದ ನಮ್ಮ ಹೊಲದ ಬೇಲಿಯಿಂದ ಕಾಡು ಬಾರೆಹಣ್ಣು ತಂದಿಟ್ಟಿದ್ದಳು. ಹಣ್ಣಿನಲ್ಲಿ ದೇಹ ಕಾಯುವ ಸತ್ವ ಎಷ್ಟಿದೆಯೆಂದು ಅವಳು ಮರುದಿನ ಅಳೆದು ತೋರಿಸಬೇಕಿತ್ತು. ಅದು ತಿಳಿಯದೆ ನಾನು ಪ್ರತಿ ವರ್ಷದಂತೆ ಹಣ್ಣಿಗೆ ಉಪ್ಪು ಸವರಿ ಮಾಳಿಗೆಯ ಮೇಲೆ ಒಣಹಾಕಿದೆ.

“ಆಯಿ, ಏನ್ ಮಾಡಿದಿ? ತಾಜಾ ಹಣ್ಣೇ ಬೇಕಿತ್ತು. ನಾ ನಾಪಾಸಾಗ್ತೇನಿ!”

“ಅತ್ತರ ಹಣ್ಣು ಬರ್ತಾವೇನ? ಚೀಲ ತಗೋ, ನಡಿ.”

ಹಂಗಾಮು ಮುಗಿದಿತ್ತು, ಹೊತ್ತೂ ಇಳಿದಿತ್ತು. ಬೇಲಿಯ ಬಾರೆಗಿಡಗಳ ಕೆಳಗಿನ ಕೊಂಬೆಗಳನ್ನು ಕುರಿಗಳು ಬೋಳು ಮಾಡಿದ್ದವು. ನಾನು ಪೊದೆಯೊಳಗೆ ಭುಜದವರೆಗೂ ಕೈ ತೂರಿಸಿದೆ. ಮುಳ್ಳು ಗೀರಿ ರಕ್ತ ಬಂತು. ಸಿಕ್ಕಿದ್ದು ಒಂದೇ ಹಿಡಿ.

“ಸಾಕೇನ?”

“ಇಲ್ಲ ಆಯಿ. ಇನ್ನೊಂದು ಹಿಡಿ ಬೇಕು.”

ಮತ್ತೆ ಮೂರು ಗಿಡ ತಡಕಿದ ಮೇಲೆ ಅವಳು ಸಾಕೆಂದಳು. ಬಾಯಾರಿತ್ತು. ಒಂದು ಹಣ್ಣು ಬಾಯಿಗೆ ಹಾಕಿಕೊಳ್ಳಲು ಹೋದೆ. ಕೈ ಹಿಡಿದು ಕಸಿದುಕೊಂಡಳು.