ದ್ವೀಪದ ಹಿಂದಿನ ದಂಡೆ

ಹದಿನೆಂಟನೇ ಶತಮಾನದಲ್ಲಿ ಇಂಗ್ಲಿಷರು ದೂರದ ಒಂದು ದ್ವೀಪವನ್ನು ಹೇಗೆ ಆಳಿದರು, ಹೇಗೆ ಕಾಯ್ದರು ಎಂದು ನನ್ನ ಮೊಮ್ಮಗಳು ವಿಜಯಪುರದ ಕಾಲೇಜಿನಲ್ಲಿ ಎಲ್ಲರೆದುರು ಹೇಳಬೇಕಿತ್ತು. ಅದರ ಮೇಲೆಯೇ ಅವಳ ಪರೀಕ್ಷೆಯ ಅಂಕ. ಮಮದಾಪುರದಿಂದ ಬಸ್ಸು ಹತ್ತಿ ಹೋಗಿ ನಾನೂ ಹಿಂದಿನ ಬೆಂಚಿನಲ್ಲಿ ಕುಳಿತೆ. ನಾನು ಸಮುದ್ರ ಕಂಡವನಲ್ಲ, ಕುರಿ ಕಾಯ್ದವನು.

ಆ ದ್ವೀಪದ ಇಂಗ್ಲಿಷ್ ಗವರ್ನರ್ ತೋಪುಗಳನ್ನೆಲ್ಲ ಬಂದರಿನ ಕಡೆಗೇ ಇಟ್ಟಿದ್ದನಂತೆ, ಆದರೂ ವೈರಿ ದ್ವೀಪಕ್ಕೆ ನುಗ್ಗಿದನಂತೆ ಎಂದು ಅವಳು ಹೇಳಿದಳು.

"ಅಷ್ಟ ತೋಪ ಇದ್ದೂ ವೈರಿ ಹೆಂಗ ಒಳಗ ಬಂದ?" ಎಂದು ಮೇಷ್ಟ್ರು ಕೇಳಿದರು.

ಆಗ ಮೊಮ್ಮಗಳ ಕಣ್ಣು ನನ್ನ ಮೇಲೆ ಬಿತ್ತು.

"ಸರ್, ನಮ್ಮ ಮುತ್ಯಾ ಕುರಿದಡ್ಡಿ ಬಾಗಲದಾಗ ತಾ ಮಲಗತಾನ್ರಿ, ನಾಯಿನ್ನ ಹಿಂದಿನ ಮುಳ್ಳಬೇಲಿ ಕಡೆ ಕಟ್ಟತಾನ್ರಿ. ತೋಳ ಬರೂದ ಹಿಂದಿಂದ. ಈ ಗವರ್ನರ್ ಹಿಂದಿನ ದಂಡಿಗೆ ಯಾರನ್ನೂ ಇಟ್ಟಿರಲಿಲ್ರಿ. ವೈರಿ ಸಣ್ಣ ದೋಣ್ಯಾಗ ಅಲ್ಲೇ ಇಳದ."

"ಆ ಗವರ್ನರ್‌ಗ ನಿಮ್ಮ ಮುತ್ಯಾ ಸಿಗಬೇಕಿತ್ತವಾ," ಎಂದು ನಕ್ಕ ಮೇಷ್ಟ್ರು ಪೂರ್ತಿ ಅಂಕ ಕೊಟ್ಟರು.

ತಿರುಗಿ ಬರುವಾಗ ಬಸ್ಸಿನಲ್ಲಿ ಪಕ್ಕದವನಿಗೆ ಬಬಲೇಶ್ವರದವರೆಗೂ ಆ ದ್ವೀಪದ ಸುದ್ದಿಯನ್ನೇ ಹೇಳಿದೆ.

"ಮುತ್ಯಾ, ನೀ ಯಾವಾಗ ಹೋಗಿದ್ದಿ ಅಲ್ಲಿಗೆ?" ಎಂದು ಅವನು ಕಾಲೆಳೆದ.

"ಇವತ್ತ ಹೋಗಿದ್ನೆಪಾ. ಮೊಮ್ಮಗಳು ಕರಕೊಂಡು ಹೋಗಿದ್ಲು."