ಬದುಕಿದ್ದವಳ ಪಟಕ್ಕೆ ಹಾರ

ಹೋದ ತಿಂಗಳು ಶಹಾಪುರದ ಒಂದು ಫೋಟೋ ಫ್ರೇಮಿನ ಅಂಗಡಿಗೆ ಹೋಗಿದ್ದೆ. ನಾನು ಪಾಠ ಹೇಳಿದ ಕಾಲೇಜಿನವರು ನಿವೃತ್ತರ ಪಟಗಳನ್ನೆಲ್ಲ ಗೋಡೆಗೆ ಸಾಲಾಗಿ ತೂಗುಹಾಕುತ್ತಾರಂತೆ, ನಿಮ್ಮದೊಂದು ಕೊಡಿ ಎಂದಿದ್ದರು. ತಲೆಯಲ್ಲಿ ಕೂದಲಿದ್ದ ಕಾಲದ್ದನ್ನೇ ಹುಡುಕಿ ಆರಿಸಿಕೊಂಡು ಹೋಗಿದ್ದೆ. ಈ ವಯಸ್ಸಿನಲ್ಲೂ ಅಷ್ಟು ಆಸೆ ಬಿಟ್ಟಿಲ್ಲ. ಅಂಗಡಿಯವನು ಕಟ್ಟಿಗೆಯ ಹೊಟ್ಟು ಮೆತ್ತಿದ್ದ ಕನ್ನಡಕ ಒರೆಸಿಕೊಂಡು ಫೋಟೋ ನೋಡಿದ, ನನ್ನ ಮುಖ ನೋಡಲಿಲ್ಲ. “ಇವರು ಅದಾರೇನ್ರಿ, ಹೋಗ್ಯಾರೇನ್ರಿ?” ಎಂದು ಕೇಳಿದ. ಹೋದವರಾದರೆ ಗಂಧದ ಚಕ್ಕೆಯ ಹಾರ, ಕೆಳಗೊಂದು ಕೆಂಪು ಬಲ್ಬು ಕೂಡಿಸಿ ಕೊಡುತ್ತಾನಂತೆ. “ಅದಾರಪ್ಪ, ಸದ್ಯಕ್ಕ ಅದಾರ” ಎಂದೆ. ಅವನು ತಲೆಯೆತ್ತಿ, ಗುರುತು ಹಿಡಿದು, ನಾಲಿಗೆ ಕಚ್ಚಿಕೊಂಡ. ನೀವಿದ್ದರೆ ನೀವೂ ನಗುತ್ತಿದ್ದಿರಿ. ನಾನೂ ನಕ್ಕೆ. ಮನೆಗೆ ಬರುವ ದಾರಿಯಲ್ಲಿ ಮಾತ್ರ ಬೇರೊಂದು ಪಟ ನೆನಪಾಯಿತು. ಆ ಅಂಗಡಿಯವನು ಕೇಳಿದ ಪ್ರಶ್ನೆಯನ್ನು ನಾನೂ ಒಮ್ಮೆ ನನ್ನನ್ನೇ ಕೇಳಿಕೊಳ್ಳಬೇಕಿತ್ತು. ಕೇಳಿರಲಿಲ್ಲ.

ಕಾಲುವೆಗೆ ನೀರು ಬಿಟ್ಟು ಕೆಲವು ವರ್ಷಗಳಾಗಿದ್ದ ಕಾಲ ಅದು. ನಮ್ಮ ಸುತ್ತಲಿನ ಜೋಳದ ಹೊಲಗಳು ಭತ್ತದ ಗದ್ದೆಗಳಾಗಿದ್ದವು, ಊರೊಳಗೆ ಸೊಳ್ಳೆಗಳು ಹೆಚ್ಚಾಗಿದ್ದವು, ನಾವು ಮೇಷ್ಟ್ರುಗಳು ಸಂಸ್ಕೃತಿಯ ಬಗ್ಗೆ ಚಿಂತೆ ಮಾಡತೊಡಗಿದ್ದೆವು. ಸುತ್ತಲಿನ ಕಾಲೇಜುಗಳ ಕನ್ನಡ, ಇತಿಹಾಸ, ಸಮಾಜಶಾಸ್ತ್ರದವರೆಲ್ಲ ಸೇರಿ ಸುರಪುರದಲ್ಲಿ ಮೂರು ದಿನದ ಕಮ್ಮಟ ಇಟ್ಟುಕೊಂಡೆವು. ವಿಷಯ, ನಮ್ಮ ಭಾಗದ ಸಾಂಸ್ಕೃತಿಕ ಪ್ರತೀಕಗಳು. ಸಂಚಾಲಕ ನಾನೇ. ಒಬ್ಬೊಬ್ಬರು ಒಬ್ಬ ವ್ಯಕ್ತಿಯನ್ನು ಆರಿಸಿಕೊಂಡು ಪ್ರಬಂಧ ಓದಬೇಕು, ಆ ವ್ಯಕ್ತಿಯ ಪಟವನ್ನೂ ತರಬೇಕು ಎಂದು ಗೊತ್ತು ಮಾಡಿದ್ದೆ. ಪಟಗಳು ಬಂದವು. ದೊರೆಗಳು, ಶರಣರು, ಸ್ವಾಮಿಗಳು, ಯಾರೂ ಕಣ್ಣಾರೆ ಕಾಣದವರು, ಯಾರೋ ಪೇಂಟರು ಬರೆದ ಮುಖಗಳು. ಕೊಡೇಕಲ್ಲಿನ ಕಡೆಯವರು ತಮ್ಮ ಸಂತರ ಪಟ ನಡುವೆ ಇರಲಿ ಎಂದರು, ಸುರಪುರದವರು ತಮ್ಮ ದೊರೆಯೇ ನಡುವೆ ಎಂದರು. ಒಂದು ತಾಸು ಜಗಳವಾಯಿತು. ನಡುವೆ ಗಣಪತಿಯನ್ನು ತಂದಿಟ್ಟು ನಾನು ಪಾರಾದೆ.

ಮರೆಪ್ಪ ಮಾತ್ರ ತನ್ನ ತಾಯಿಯ ಪಟ ತಂದಿದ್ದ. ಅವನು ನನ್ನ ವಿಭಾಗದಲ್ಲಿ ಅರೆಕಾಲಿಕ ಉಪನ್ಯಾಸಕ, ಬಳಿಚಕ್ರದವನು, ಮನೆಯಲ್ಲಿ ಬುದ್ಧನ ಪಟ ಇಟ್ಟುಕೊಂಡ ಕೂಲಿಯವರ ಮಗ. ಮುಂದಿನ ವರ್ಷ ಅವನಿಗೆ ಪಾಠ ಸಿಗುವುದು, ಬಿಡುವುದು ನನ್ನ ಒಂದು ಸಹಿಯ ಮೇಲಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ.

“ಅವ್ವ ಅಂದ್ರ ಪ್ರತೀಕ ಹ್ಯಾಂಗಾಗ್ತಾಳೋ ಮಾರಾಯ?” ಎಂದು ಯಾರೋ ನಗಾಡಿದರು.

“ಕಾಲುವಿ ತೋಡುವಾಗ ದಂಡಿ ಕುಸಿದು ಸತ್ತವರ ಹೆಸರು ಯಾವ ಕಲ್ಲಿನ ಮ್ಯಾಲೂ ಇಲ್ರಿ” ಎಂದ ಮರೆಪ್ಪ. “ನಮ್ಮವ್ವನ ಹಾಡಿನಾಗ ಅದಾವ್ರಿ.”

ಅವನ ತಾಯಿ ಸಾಬಮ್ಮ ವರ್ಷಗಟ್ಟಲೆ ಕಾಲುವೆಯ ಕೆಲಸದಲ್ಲಿ ಮಣ್ಣಿನ ಬುಟ್ಟಿ ಹೊತ್ತವಳು. ಜೊತೆಯವರು ಮಣ್ಣಿನಡಿ ಹೋದಾಗಲೆಲ್ಲ ಅವರ ಹೆಸರು, ಊರು ಸೇರಿಸಿ ಹಾಡು ಕಟ್ಟುತ್ತಿದ್ದಳಂತೆ. ಆಕೆಯೊಬ್ಬಳಿಗೇ ಅವು ಪೂರ್ತಿ ಬರುತ್ತಿದ್ದವು. ಯಾರ ಮುಂದೂ ಹಾಡಲು ಒಪ್ಪದಿದ್ದವಳನ್ನು ಮಗ ಹೇಗೋ ಒಪ್ಪಿಸಿದ್ದ. ಮೂರನೆಯ ದಿನ ಬೆಳಿಗ್ಗೆ ಟೇಪ್ ರೆಕಾರ್ಡರಿಗೆ ಹೊಸ ಕ್ಯಾಸೆಟ್ ಹಾಕಿಟ್ಟು, ತಾಯಿಯನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಹೋದ.

ಅವನು ಅತ್ತ ಹೋದಾಗ ಇತ್ತ ನಾನು ಪಟಗಳಿಗೆ ಹಾರ ಹಾಕಿದೆ. ದಿನವೂ ಹಾಕುವುದು ಸಂಚಾಲಕನ ಕೆಲಸ. ಗಂಧದ ಹಾರಗಳ ಒಂದು ಕಟ್ಟೇ ತರಿಸಿದ್ದೆ. ಹಿಂದಿನ ಸಂಜೆ ಮರೆಪ್ಪ ತಂದಿಟ್ಟಿದ್ದ ಪಟವೂ ಸಾಲಿನ ಕೊನೆಗೆ ಇತ್ತು. ಅದಕ್ಕೂ ಹಾಕಿ, ಗಾಜಿನ ಮೇಲೆ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿದೆ. ಆಕೆ ಇನ್ನೊಂದು ಗಳಿಗೆಗೆ ಬರುವವಳೆಂದು ನನಗೆ ಗೊತ್ತಿತ್ತು ನೋಡಿ, ಆದರೂ ಕೈ ತಡೆಯಲಿಲ್ಲ. ನಮ್ಮ ಪ್ರತೀಕಗಳೆಲ್ಲ ಸತ್ತವರೇ. ಬದುಕಿದ್ದವರು ಆ ಸಾಲಿಗೆ ಬರಬಹುದೆಂಬುದು ನನ್ನ ಕೈಗೆ ಗೊತ್ತೇ ಇರಲಿಲ್ಲ.

ಸಾಬಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಎಲ್ಲರಿಗೂ ಕೈ ಮುಗಿಯುತ್ತ ಒಳಗೆ ಬಂದಳು. ಒಂದೊಂದು ಪಟಕ್ಕೂ ಕೈ ಮುಗಿದಳು. ಕೊನೆಯದರ ಮುಂದೆ ಮುಗಿದ ಕೈ ಹಾಗೇ ನಿಂತಿತು.

“ಯಾರು ಹಾಕ್ಯಾರ ಇದನ?”

ಮೂವತ್ತು ಜನ ಓದಿದವರಿದ್ದೆವು. ಮರೆಪ್ಪ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

“ನಾನೇ ಹಾಕೀನಿ ಅವ್ವಾ. ತಪ್ಪಾತು” ಎಂದ.

“ನೀ ಹಾಕಿದೇನೋ? ನನ್ನ ಹೊಟ್ಯಾಗ ಹುಟ್ಟಿದಾಂವ?” ಆಕೆ ಅಳಲಿಲ್ಲ. ಹಾರದ ಸಮೇತ ಪಟ ತೆಗೆದು ಸೆರಗಿನಲ್ಲಿ ಸುತ್ತಿಕೊಂಡಳು. “ಸತ್ತಾಕಿನ್ನ ಹಾಡಂತ ಕರಸೀರೇನ್ರಿ?” ಎಂದು ನಮ್ಮ ಕಡೆ ತಿರುಗಿ ಕೇಳಿ ಹೊರಟೇಹೋದಳು. ಬಳಿಚಕ್ರಕ್ಕೆ, ಮಗನ ಮನೆಗೆ ಹೋಗಲಿಲ್ಲ. ರಂಗಂಪೇಟೆಯಲ್ಲಿದ್ದ ಮಗಳು ಚಂದಮ್ಮನ ಮನೆ ಸೇರಿದಳು. ನಾವು ಊಟ ಮಾಡಿ ಸಮಾರೋಪ ಮುಗಿಸಿದೆವು. ವಂದನಾರ್ಪಣೆ ಮಾಡಿದವನೂ ನಾನೇ.

ವಾರದ ಮೇಲೆ ಮರೆಪ್ಪ ನನ್ನ ಮನೆಗೆ ಬಂದ. “ಖರೇ ಹೇಳಿದ್ರ ಅವ್ವ ನಂಬವಲ್ಲಳ್ರಿ ಸರ. ಅಷ್ಟು ಓದಿದವರು ಹಂಗ ಮಾಡ್ತಾರೇನೋ, ನಿನ್ನ ತಪ್ಪು ಅವರ ಮ್ಯಾಲ ಹಾಕಬ್ಯಾಡ ಅಂತಾಳ. ನೀವೊಮ್ಮಿ ಬಂದು ಹೇಳ್ರಿ.”

“ಆಯ್ತಪ್ಪ, ಪರೀಕ್ಷಿ ಮುಗೀಲಿ” ಎಂದೆ.

ಪರೀಕ್ಷೆ ಮುಗಿಯಿತು, ಪೇಪರು ತಿದ್ದುವುದು ಬಂತು, ಪ್ರವೇಶಗಳು ಬಂದವು. ಮತ್ತೆರಡು ಸಲ ಬಂದು ಕೇಳಿದ, ಆಮೇಲೆ ಕೇಳುವುದನ್ನು ಬಿಟ್ಟ. ಕೆಲಸವಿತ್ತು ಎನ್ನುವುದು ಸುಳ್ಳು. ಒಬ್ಬ ಕೂಲಿ ಮುದುಕಿಯ ಮುಂದೆ ನಿಂತು ತಪ್ಪೊಪ್ಪಿಕೊಳ್ಳುವುದು ನನಗೆ ಕೀಳೆನಿಸಿತ್ತು, ಅಷ್ಟೇ. ಆ ವರ್ಷ ಅವನ ಕಾಗದಕ್ಕೆ ಸಹಿ ಮಾಡಿದೆ, ಅದರಿಂದ ಋಣ ತೀರಿತೆಂದೂ ಅಂದುಕೊಂಡೆ.

ಎರಡು ವರ್ಷಕ್ಕೆ ಸಾಬಮ್ಮ ತೀರಿಕೊಂಡಳು. ಕೊನೆಗಳಿಗೆಯಲ್ಲಿ ಬಾಯಿಗೆ ನೀರು ಬಿಡಲು ಹೋದ ಮರೆಪ್ಪನಿಗೆ ಚಂದಮ್ಮ ಬಾಗಿಲು ತೆರೆಯಲಿಲ್ಲವಂತೆ. “ಜೀವ ಇದ್ದಾಗ ಹಾರ ಹಾಕ್ದಿ, ಇನ್ನ ನೀರು ಯಾಕೋ?” ಎಂದು ಒಳಗಿನಿಂದಲೇ ಕೇಳಿದಳಂತೆ. ಸ್ಟಾಫ್ ರೂಮಿನಲ್ಲಿ ಇದನ್ನು ಕೇಳಿದ ದಿನವೂ ನಾನು ಗಂಟೆ ಹೊಡೆದ ಕೂಡಲೇ ತರಗತಿಗೆ ಹೋಗಿ ಪಾಠ ಮಾಡಿದೆ.

ಫ್ರೇಮಿನ ಅಂಗಡಿಯಿಂದ ಬಂದ ಮೇಲೆ ನಾಲ್ಕು ದಿನ ಒದ್ದಾಡಿ, ಯಾದಗಿರಿಗೆ ಹೋದೆ. ಮರೆಪ್ಪ ಅಲ್ಲಿ ಕಾಯಂ ಆಗಿದ್ದಾನೆ, ಅವನಿಗೂ ನಿವೃತ್ತಿ ಹತ್ತಿರ. ಚಹಾ ತರಿಸಿದ. ನಾನು ಹೇಳುವುದನ್ನೆಲ್ಲ ಹೇಳಿದೆ.

“ನನಗ್ಯಾಕ ಹೇಳ್ತೀರಿ ಸರ? ನನಗ ಗೊತ್ತದ” ಎಂದ. “ಅಕ್ಕ ಇನ್ನೂ ಅದಾಳ. ಬರ್ತೀರೇನು?”

ಮುಂದಿನ ವಾರ ಎಂಬ ಮಾತು ಬಾಯಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡೆ. ರಂಗಂಪೇಟೆಯ ದಾರಿಯಲ್ಲಿ, ಬಸ್ಸಿನಲ್ಲಿ ಅವನ ತಾಯಿಯ ಹಾಡುಗಳ ಬಗ್ಗೆ ಕೇಳಿದೆ. “ಒಂದೂ ಬರಂಗಿಲ್ರಿ. ಆಕಿ ಕಾಲುವಿಗೆ ಹೋಗುವಾಗ ನಾ ಸಾಲಿಗೆ ಹೋಗಿದ್ದೆ” ಎಂದು ಕಿಟಕಿಯ ಕಡೆ ತಿರುಗಿದ. ಹೊರಗೆ ಮೈಲುಗಟ್ಟಲೆ ಭತ್ತ, ಕಾಲುವೆಯಲ್ಲಿ ತುಂಬ ನೀರು.

ಚಂದಮ್ಮ ಅಂಗಳದಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದಳು. ಮರೆಪ್ಪ ದಾರಿಯಲ್ಲೇ ನಿಂತುಬಿಟ್ಟ. ನಾನು ಮುಂದೆ ಹೋದೆ.

“ಸುರಪುರದಾಗ ನಿಮ್ಮವ್ವನ ಪಟಕ್ಕ ಹಾರ ಹಾಕಿದಾಂವ ನಾನಮ್ಮಾ. ಮರೆಪ್ಪ ಅಲ್ಲ. ಅವ ನನ್ನ ಸಲುವಾಗಿ ತಾ ಹಾಕೀನಿ ಅಂದ. ನಾ ಸುಮ್ಮ ನಿಂತೆ.”

ಮೊರದಲ್ಲಿ ಆಡುತ್ತಿದ್ದ ಬೆರಳುಗಳು ನಿಂತವು. “ಇನ್ನೊಮ್ಮಿ ಹೇಳ್ರಿ” ಎಂದಳು. “ಜೋರಾಗಿ ಹೇಳ್ರಿ. ಓಣ್ಯಾಗಿನ ಮಂದಿ ಕೇಳಲಿ.”

ಜೋರಾಗಿ ಹೇಳಿದೆ. ಆಚೀಚೆಯ ಬಾಗಿಲುಗಳಲ್ಲಿ ಹೆಂಗಸರು ಬಂದು ನಿಂತರು. ಚಂದಮ್ಮ ನನ್ನನ್ನು ನೋಡಲೇ ಇಲ್ಲ, ದಾರಿಯಲ್ಲಿದ್ದ ತಮ್ಮನನ್ನು ನೋಡುತ್ತಿದ್ದಳು.

“ಅವತ್ತ ಅವ್ವ ಬಾಗಲಾ ಕಡೀನೇ ನೋಡ್ತಿದ್ಲೋ ಮರೆಪ್ಪಾ” ಎಂದಳು. “ಬಾಯಿ ಬಿದ್ದುಹೋಗಿತ್ತು, ಕೈ ಮಾಡಿ ತೋರಿಸಿದ್ಲು. ನಾ ಅಗಳಿ ಹಾಕಿದ್ದೆ.”

ಮರೆಪ್ಪ ದಾರಿಯಲ್ಲೇ ಕುಸಿದು ಕುಳಿತ. ಆಕೆ ಎದ್ದು ಹೋಗಿ, ರಟ್ಟೆ ಹಿಡಿದು ಎಬ್ಬಿಸಿ ಒಳಗೆ ಕರೆದುಕೊಂಡು ಹೋದಳು. ನನಗೆ ಬರ್ರಿ ಎಂದೂ ಅನ್ನಲಿಲ್ಲ, ಹೋಗ್ರಿ ಎಂದೂ ಅನ್ನಲಿಲ್ಲ. ಒಳಗೆ ಇಬ್ಬರೂ ಅಳುವುದು ಅಂಗಳಕ್ಕೆ ಕೇಳುತ್ತಿತ್ತು. ಓಣಿಯ ಹೆಂಗಸರ ಮುಂದೆ ಅಷ್ಟು ಹೊತ್ತೂ ನಿಂತಿದ್ದೆ.